ಬೇಯದ ನುಚ್ಚಿನುಂಡೆ ಉಳಿಸಿದ ಮಹಿಳಾ ಪುಟ

ಚಿತ್ರದುರ್ಗದ ನಮ್ಮ ಪುಟ್ಟ ಪತ್ರಿಕೆಯಲ್ಲಿ ಶನಿವಾರದ ಮಹಿಳಾ ಪುಟ ನನಗೆ ಬಂದದ್ದು, ಹೊಸ ಸೊಸೆಗೆ ಅತ್ತೆಮನೆಯ ಹಳೇ ಮಿಕ್ಸಿ ಬಂದ ಹಾಗೆ. ಯಾರೂ ಕೊಡುತ್ತೇನೆ ಎನ್ನಲಿಲ್ಲ, ನಾನೂ ಬೇಕು ಎನ್ನಲಿಲ್ಲ. ಆ ಪುಟ ನೋಡಿಕೊಳ್ಳುತ್ತಿದ್ದ ಹುಡುಗಿ ಮದುವೆಯಾಗಿ ಹೋದಳು, ಕುರ್ಚಿ ಖಾಲಿಯಿತ್ತು, ಕೂತೆ. ಕೂತ ಮೇಲೆ ಮೋಹ ಹತ್ತಿತು.

ಆ ಪುಟಕ್ಕೂ ಒಂದು ಚರಿತ್ರೆಯಿದೆ. ಕಚೇರಿಯ ಅಟ್ಟದಲ್ಲಿ ಹೊಲಿದಿಟ್ಟ ಹಳೆಯ ಸಂಚಿಕೆಗಳ ದೂಳು ಕೊಡವಿದರೆ ಕಾಣುತ್ತದೆ. ಶುರುವಿನಲ್ಲಿ ಅದು ‘ಸೋದರಿಯರ ಅಂಗಳ’. ಗಂಡ ಮನೆಗೆ ಬಂದಾಗ ಮುಗುಳ್ನಗುವುದು ಹೇಗೆ ಎಂಬ ಉಪದೇಶ, ಪಕ್ಕದಲ್ಲೊಂದು ಚುಕ್ಕಿ ರಂಗೋಲಿ. ಉಪದೇಶ ಬರೆಯುತ್ತಿದ್ದವರು ಹೆಂಗಸಿನ ಹೆಸರಿಟ್ಟುಕೊಂಡ ಹಿರಿಯ ವರದಿಗಾರರು; ಅವರು ಮುಗುಳ್ನಕ್ಕದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲವಂತೆ. ಆಮೇಲೆ ಕಸೂತಿ ಬಂತು. ಸ್ವೆಟರ್ ಹೆಣೆಯುವುದು ಬಂತು, ಹಿರಿಯೂರಿನ ಬಿಸಿಲಿಗೆ ಸ್ವೆಟರ್! ಬಳಿಕ ವರ್ಷಗಟ್ಟಲೆ ಮೊಡವೆ, ತಲೆಹೊಟ್ಟು. ಇಷ್ಟೆಲ್ಲ ಬಂದು ಹೋದರೂ ಅಲುಗಾಡದೆ ನಿಂತದ್ದು ಕೆಳಮೂಲೆಯ ‘ವಾರದ ರುಚಿ’ ಒಂದೇ.

ನನ್ನ ಕಾಲದಲ್ಲಿ ಆ ರುಚಿಯ ಮೂಲ ಮತ್ತೋಡಿನ ನನ್ನಜ್ಜಿ. ಅವಳು ಫೋನಿನಲ್ಲಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ನನಗೆ ಮಾತು ಕಲಿಸಿದವಳೂ ಅವಳೇ. ಕತೆಯಾಗಲಿ, ಸಾರಾಗಲಿ, ಮುಖ್ಯವಾದದ್ದನ್ನು ಕೊನೆಗೇ ಹೇಳುವುದು ಅವಳ ಪದ್ಧತಿ. ಪತ್ರಿಕೆಯವರದು ತದ್ವಿರುದ್ಧ: ಮುಖ್ಯವಾದದ್ದು ಮೊದಲ ಸಾಲಿನಲ್ಲಿ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಪುಟ ಕಟ್ಟುವವರು ಕಣ್ಣು ಮುಚ್ಚಿ ಬಾಲ ಕತ್ತರಿಸುತ್ತಾರೆ.

“ಸುದ್ದಿ ಬಾಲದಾಗೆ ಏನಿರ್ತೈತೆ ಅಕ್ಕ? ವೇದಿಕೆ ಮ್ಯಾಲೆ ಕುಂತೋರ ಹೆಸರು, ವಂದನಾರ್ಪಣೆ. ಅಷ್ಟೇಯ” ಎನ್ನುತ್ತಿದ್ದ ನಮ್ಮ ಪುಟ ಕಟ್ಟುವಾತ. ಮಾತು ಸುಳ್ಳಲ್ಲ.

ಒಂದು ಸೋಮವಾರ ಸಂಪಾದಕರು ಕರೆದರು. “ಏನಮ್ಮ, ಮುಂದಿನ ತಿಂಗಳಿಂದ ನಿನ್ನ ಪುಟಾನ ಜಾಹೀರಾತಿಗೆ ಬಿಟ್ಟುಬಿಡಾಣ. ಯಾರು ಓದ್ತಾರೆ ಅದನ್ನ? ನಮ್ಮನೇಲಿ ಅದ್ರ ಮೇಲೆ ಸೊಪ್ಪು ಬಿಡಿಸ್ತಾರೆ.”

“ಸೊಪ್ಪು ಬಿಡಿಸ್ತಾ ಓದ್ತಾರೆ ಸರ್.”

“ಓದೋರಿದ್ರೆ ಒಂದು ಫೋನಾದ್ರೂ ಬರ್ಬೇಕಲ್ಲ? ಕರೆಂಟ್ ಹೋಗೋ ಸುದ್ದಿ ತಪ್ಪಾದ್ರೆ ಊರೇ ಫೋನ್ ಮಾಡ್ತೈತೆ. ನಿನಗೆ ಯಾವತ್ತಾದ್ರೂ ಬಂದೈತಾ?”

ಬಂದಿರಲಿಲ್ಲ. ಬೈಯುವುದಕ್ಕೂ ಯಾರೂ ಮಾಡಿರಲಿಲ್ಲ. ನಾನು ಮುಖ ಸಣ್ಣದು ಮಾಡಿಕೊಂಡು ಹೊರಬಂದೆ. ಇನ್ನು ನಾಲ್ಕೈದು ಶನಿವಾರವಾದ ಮೇಲೆ ಪುಟವಿಲ್ಲ, ಅಜ್ಜಿಗೆ ಏನು ಹೇಳುವುದು ಎಂಬುದೇ ಯೋಚನೆಯಾಯಿತು.

ಆ ವಾರ ಅಜ್ಜಿ ನುಚ್ಚಿನುಂಡೆ ಹೇಳಿದ್ದಳು. ಶುಕ್ರವಾರ ಪುಟ ಕಟ್ಟಿ ಮುಗಿಯುವ ಹೊತ್ತಿಗೆ ಹಿರಿಯೂರಿನ ಮೋಟರ್ ರಿಪೇರಿ ಅಂಗಡಿಯೊಂದರ ಜಾಹೀರಾತು ಬಂತು. ಪುಟ ಕಟ್ಟುವಾತ ಎಂದಿನಂತೆ ಬಾಲ ಕತ್ತರಿಸಿ, ಅಲ್ಲಿ ಮೋಟರ್ ಕೂರಿಸಿ, ಟೀ ಕುಡಿಯಲು ಹೋದ. ಶನಿವಾರ ಅಚ್ಚಾದದ್ದು ಹೀಗಿತ್ತು: ಬೇಳೆ ನೆನೆಹಾಕಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ತೆಂಗಿನತುರಿ ಕಲಸಿ, ಉಂಡೆ ಕಟ್ಟಿ ಸಾಲಾಗಿ ಜೋಡಿಸಿ. ಪೂರ್ಣವಿರಾಮ. ಹಬೆಯಲ್ಲಿ ಬೇಯಿಸುವ ಸಾಲು ಮೋಟರಿನ ಕೆಳಗೆ ಸಮಾಧಿಯಾಗಿತ್ತು.

ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಬಿ.ದುರ್ಗದಿಂದ, ದಪ್ಪ ಗಂಡುದನಿ.

“ರೀ, ನುಚ್ಚಿನುಂಡೆ ಬರ್ದೋರು ಯಾರ್ರೀ?”

“ನಾನೇ, ಹೇಳ್ರಿ.”

“ನಮ್ಮನೆಯಾಕೆ ಬಾಣಂತನಕ್ಕೆ ಹೋಗ್ಯಾಳೆ. ನೀವು ಹೇಳ್ದಂಗೇ ನೆನೆಹಾಕ್ದೆ, ರುಬ್ಬಿದೆ, ಉಂಡೆ ಕಟ್ದೆ, ಸಾಲಾಗಿ ಜೋಡಿಸ್ದೆ. ಜೋಡಿಸ್ಕಂಡು ಕುಂತೀನಿ. ಮುಂದೇನು?”

“ಬೇಯಿಸ್ಬೇಕು ಕಣ್ರಿ!”

“ಅಯ್ಯೋ, ಅದನ್ನ ಈಗ ಹೇಳ್ತೀರಾ? ಎರಡು ತಿಂದಾಯ್ತಲ್ರಿ!”

ಇಟ್ಟ ಫೋನು ಮತ್ತೆ ಬಡಿಯಿತು. ಹೊಸದುರ್ಗದ ಒಬ್ಬ ಬಸ್ ಕಂಡಕ್ಟರ್, ರೂಮಿನಲ್ಲಿ ಜೊತೆಗಿದ್ದವರಿಗೆಲ್ಲ ಬಡಿಸಿ ಬೈಸಿಕೊಂಡಿದ್ದ. ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು, “ನಾನು ಓದೋದಿಲ್ಲಮ್ಮ, ಮನೆಯವರು ಓದ್ತಾರೆ. ಅವರ ಪರವಾಗಿ ಕೇಳ್ತಿದ್ದೀನಿ” ಎಂದರು. ಹಿಂದಿನಿಂದ ಮನೆಯವರ ದನಿ ಕೇಳಿತು: “ಕೈ ತೊಳ್ಕೊಂಡು ಫೋನ್ ಮುಟ್ಟಬಾರ್ದಾ? ಎಲ್ಲಾ ಹಿಟ್ಟು!”

ಸಂಪಾದಕರು ಎದ್ದು ಬಂದು, ಒಂದು ಕರೆಯನ್ನು ತಾವೇ ತೆಗೆದುಕೊಂಡರು. ಆ ಕಡೆಯವರಿಗೆ ಕ್ಷಮೆ ಕೇಳಿ, ಇಡ್ಲಿ ಪಾತ್ರೆಗೆ ಎಷ್ಟು ನೀರು ಎಂದು ನನ್ನತ್ತ ಸನ್ನೆ ಮಾಡಿದರು. ಇಟ್ಟ ಮೇಲೆ ಬೆರಗಿನಿಂದ, “ಎಲ್ಲಾ ಗಂಡಸ್ರೇ ಅಲ್ಲೇನಮ್ಮ!” ಎಂದರು.

ಅಷ್ಟರಲ್ಲಿ ತುರುವನೂರಿನಿಂದ ಒಂದು ಹೆಣ್ಣುದನಿ. ನನಗೆ ಜೀವ ಬಂತು. “ನುಚ್ಚಿನುಂಡೆ ವಿಷಯನಾ ಅಮ್ಮ?”

“ಉಂಡೆ ಬೇಯಿಸ್ಬೇಕು ಅಂತ ಪೇಪರ್‌ನೋರು ಹೇಳ್ಬೇಕೇನವ್ವ ನನಗೆ? ಅದ್ರ ಕೆಳಗೆ ಮೋಟ್ರಿಂದು ಹಾಕೀರಲ್ಲ, ಅದನ್ನ ಬಿಡಿಸಿ ಬರೀರಿ. ನಮ್ಮ ಮೋಟ್ರು ಗುಂಯ್ ಅಂತೈತೆ, ನೀರು ಎತ್ತಂಗಿಲ್ಲ. ಸ್ಟಾರ್ಟರ್ ಕೆಟ್ಟೈತೋ, ಮೋಟ್ರೇ ಕೆಟ್ಟೈತೋ ತಿಳಿಯೋದು ಹೆಂಗೆ? ರಿಪೇರಿಯೋನು ಬಂದ್ರೆ ನನ್ನತ್ರ ಮಾತೇ ಆಡಲ್ಲ. ಗಂಡಸ್ರನ್ನ ಕರೀರಿ ಅಂತಾನೆ.”

“ನಿಮ್ಮ ಯಜಮಾನ್ರು ಎಲ್ಲವ್ರೆ?”

“ಒಳಗೆ ನಿಮ್ಮ ಉಂಡೆ ಕಟ್ತಾ ಕುಂತವ್ರೆ.”

ಸಂಪಾದಕರು ಸ್ಪೀಕರಿನಲ್ಲಿ ಕೇಳುತ್ತಿದ್ದರು. ನಗು ತಡೆಯಲು ಮೇಜಿನ ಅಂಚು ಹಿಡಿದರು. ನಾನು ಮಾತ್ರ ನಗಲಿಲ್ಲ. ಇಷ್ಟು ಕಾಲದ ರಂಗೋಲಿ, ಸ್ವೆಟರ್, ತಲೆಹೊಟ್ಟು ಯಾವುದನ್ನೂ ಆಕೆ ಕೇಳಿರಲಿಲ್ಲ. ಕೇಳಿದ್ದು ಮೋಟರ್.

ಮುಂದಿನ ಶನಿವಾರ ಪುಟದ ಮೇಲರ್ಧದಲ್ಲಿ ಸ್ಟಾರ್ಟರ್ ಪರೀಕ್ಷೆ, ಹಿರಿಯೂರಿನ ಅದೇ ಅಂಗಡಿಯವರನ್ನು ಕೇಳಿ ಬರೆದದ್ದು. ಕೆಳಗೆ ಪೂರ್ತಿ ಬೆಂದ ನುಚ್ಚಿನುಂಡೆ. ಪುಟ ನಿಲ್ಲಿಸುವ ಮಾತನ್ನು ಸಂಪಾದಕರು ಮತ್ತೆ ಎತ್ತಲಿಲ್ಲ. ಪುಟ ಕಟ್ಟುವಾತ, “ಇನ್ಮ್ಯಾಲೆ ಮಹಿಳಾ ಪುಟ ಅನ್ನೋ ಹೆಸರು ತೆಗ್ದುಬಿಡಾಣ ಸರ್, ಎಲ್ಲಾರೂ ಓದ್ತಾರೆ” ಎಂದಾಗ ಗದರಿದರು. “ಸುಮ್ನಿರೋ ಮಾರಾಯ. ಹೆಸರು ತೆಗೆದ್ರೆ ಗಂಡಸ್ರು ಓದೋದು ಬಿಡ್ತಾರೆ.”

ಒಂದೇ ಒಂದು ಕಟ್ಟಳೆ ಮಾಡಿದರು: ಬೇಯಿಸುವ ವಿಷಯ ಮೊದಲ ಸಾಲಿನಲ್ಲೇ ಇರಬೇಕು. ‘ಹಬೆಯಲ್ಲಿ ಬೇಯಿಸಿಯೇ ತಿನ್ನಬೇಕಾದ ನುಚ್ಚಿನುಂಡೆಗೆ...’ ಎಂದು ‘ವಾರದ ರುಚಿ’ ಶುರುವಾದ ಆ ಪುಟವನ್ನು ಮತ್ತೋಡಿನಲ್ಲಿ ಯಾರೋ ಓದಿ ಹೇಳಿದರಂತೆ. ಸಂಜೆಯೊಳಗೆ ಅಜ್ಜಿಯ ಫೋನ್.

“ಏನೇ ಇದು? ಬೇಳೆ ನೆನೆಯೋಕ್ಕಿಂತ ಮುಂಚೇನೇ ತಿನ್ನಿಸಿಬಿಟ್ಟೀಯಲ್ಲ! ಇನ್ನು ಪೂರ್ತಿ ಯಾರು ಕೇಳ್ತಾರೆ?”

“ಪೇಪರಿನಾಗೆ ಹಂಗೇ ಅಜ್ಜಿ. ಇಲ್ಲಾಂದ್ರೆ ಬಾಲ ಕತ್ತರಿಸ್ತಾರೆ.”

“ಹೋಗ್ಲಿ ಬಿಡು. ಆ ಮ್ಯಾಲಿಂದು, ಮೋಟ್ರಿಂದು, ಚೆನ್ನಾಗೈತೆ. ಅದನ್ನ ಇನ್ನೊಂದ್ಸಲ ಓದಿ ಹೇಳು, ನಮ್ಮದೂ ಗುಂಯ್ ಅಂತೈತೆ.”