ನಲವತ್ತೊಂದು ಹಲ್ಲಿನ ಗೇರ್

ಮುಂಬೈ ಕುರ್ಲಾದ ನಮ್ಮ ಚಾಳಿನ ಖೋಲಿಗೆ ಮೊನ್ನೆ ಮೊಮ್ಮಗಳು ಓಡಿಬಂದು ನನ್ನ ಮಡಿಲಿಗೊಂದು ಗೇರ್ ಹಾಕಿದಳು. ಅವಳೇ ಕತ್ತರಿಸಿದ್ದು! ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಗೇರ್ ಗೊತ್ತು. ನಮ್ಮನೆಯವರು ಇಲ್ಲೇ ಒಂದು ವರ್ಕ್‌ಶಾಪಿನಲ್ಲಿ ಗೇರಿಗೆ ಹಲ್ಲು ಕತ್ತರಿಸುತ್ತಿದ್ದರು. ಅಂಚಿನ ಒರಟನ್ನು ನಾನು ಮನೆಯಲ್ಲಿ ಕೂತು ಅರದಿಂದ ಉಜ್ಜುತ್ತಿದ್ದೆ. ಅವರು ಹೋಗಿ ಆರು ವರ್ಷವಾಯಿತು.

ಮೊಮ್ಮಗಳು ಈಗ ಸೇಠ್ ಒಬ್ಬರ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಅವಳದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನು. ಹಲ್ಲು ಕೊರೆಯುವ ಕಟ್ಟರ್ ಒಂದು ಸುತ್ತು ತಿರುಗಿದಾಗ, ಗೇರ್ ಕೂತ ಟೇಬಲ್ ಸರಿಯಾಗಿ ಒಂದು ಹಲ್ಲಿನಷ್ಟು ತಿರುಗಬೇಕು. ಈ ಜೊತೆ ತಪ್ಪಿದರೆ ಹಲ್ಲು ಕೆಟ್ಟಿತು. ಹೋದ ವಾರ ಎರಡು ಗೇರ್ ಕೆಡಿಸಿ ಬಂದವಳು ಊಟಕ್ಕೇ ಏಳಲಿಲ್ಲ.

"ಅಜ್ಜಿ, ಇನ್ನೊಂದು ಕೆಟ್ರೆ ಸೇಠ್ ನನ್ನ ಪ್ಯಾಕಿಂಗ್‌ಗೆ ಹಾಕ್ತಾರೆ. ಮಷೀನ್ ಖತಮ್."

"ಎಷ್ಟ ಹಲ್ಲಿಂದವಾ?"

"ಇಕತಾಲೀಸ್. ನಲವತ್ತೊಂದು."

"ನಿಮ್ಮಜ್ಜ ಒಮ್ಮೆಲೇ ಆಳಕ್ಕ ಇಳೀತಿದ್ದಿಲ್ಲ. ಮೊದಲ ಬರೇ ಗೀರ ಹಾಕಿ ಹತ್ತ ಸುತ್ತ ಬಿಡ್ತಿದ್ರು. ಗೀರಿನ ಮ್ಯಾಲ ಗೀರ ಕೂತ್ರ ಸೈ. ಅಗಲ ಆದ್ರ ಎಲ್ಲೋ ತಪ್ಪೇತಿ ಅಂತಿದ್ರು."

"ಅರೇ ಅಜ್ಜಿ, ವೋ ಪುರಾನಾ ಮಷೀನ್. ಇದು ಕಂಪ್ಯೂಟರ್!"

"ಕಂಪ್ಯೂಟರಿಗೆ ಕಣ್ಣ ಅದಾವೇನ? ಏಳ, ಉಣ್ಣ ಮೊದಲ."

ಮರುದಿನ ಅವಳು ಗೀರು ಹಾಕಿ ನೋಡಿದಳಂತೆ. ಸುತ್ತು ಸುತ್ತಿಗೂ ಗೀರು ಅಗಲವಾಗುತ್ತಾ ಹೋಯಿತು. ಆಗ ತಿಳಿಯಿತು: ಮುನ್ನೂರ ಅರವತ್ತು ಡಿಗ್ರಿಯನ್ನು ನಲವತ್ತೊಂದರಿಂದ ಭಾಗಿಸಿ, ಬಂದ ದಶಾಂಶದ ಬಾಲ ಕತ್ತರಿಸಿ ಮಷೀನಿಗೆ ತುಂಬಿಸಿದ್ದಳು. ಆ ಬಾಲವೇ ಪ್ರತಿ ಸುತ್ತಿಗೂ ಕೂಡುತ್ತಾ ಕೂಡುತ್ತಾ ಹಲ್ಲು ತಿನ್ನುತ್ತಿತ್ತು. ಈ ಸಲ ಭಾಗಿಸದೆ ಎರಡೂ ಅಂಕಿಯನ್ನು ಇಡಿಯಾಗಿ ಕೊಟ್ಟಳು. ಗೀರು ಕೂದಲೆಳೆಯಷ್ಟೇ ಉಳಿಯಿತು. ಆಮೇಲೆ ಆಳಕ್ಕೆ ಇಳಿದಳು.

ಮಡಿಲಿನ ಗೇರ್ ಕೈಗೆತ್ತಿಕೊಂಡು ಕೇಳಿದೆ: "ಸೇಠ್ ಏನಂದ್ರವಾ?"

"ನಾಳೆ ಇನ್ನೂ ಇಪ್ಪತ್ತು ಮಾಡು ಅಂದ್ರು! ಇದು ಅಜ್ಜಿಗೆ ತೋರಿಸಿ ವಾಪಸ್ ತಾ ಅಂದ್ರು."

ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದೆ. ನಲವತ್ತೊಂದು ಮುಗಿದಾಗ ಬಿಳಿ ಗುರುತಿಗೇ ಬಂದೆ. ಅವರಾಗಿದ್ದರೆ ಹಲ್ಲುಗಳ ಮೇಲೆ ಹೆಬ್ಬೆರಳು ಓಡಿಸಿ "ಹ್ಞೂಂ" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಲ್ಲಿರಲಿಲ್ಲ. ಆ ಒಂದು ಹ್ಞೂಂ ಈ ಹುಡುಗಿಗೆ ಸಿಗಬೇಕಿತ್ತು. ಅವಳೂ ಅದನ್ನೇ ಕಾಯುವವಳಂತೆ ನನ್ನ ಮುಖ ನೋಡುತ್ತಿದ್ದಳು.

ನಾನೇ ಹೆಬ್ಬೆರಳು ಓಡಿಸಿದೆ. "ಹ್ಞೂಂ" ಅಂದೆ. ಅವರ ದನಿಯ ಗತ್ತು ಬರಲಿಲ್ಲ. ಅಂಚು ಬೆರಳಿಗೆ ಚುಚ್ಚಿತು. ಎದ್ದು, ಗೋಡೆಯ ಮಾಡದಿಂದ ನನ್ನ ಹಳೆಯ ಅರ ತೆಗೆದುಕೊಂಡೆ.