ಬೆಕ್ಕು ಎಲ್ಲಿಗೆ ಬಂತು

ನಮ್ಮ ಕಡೆಯ ಲೈಬ್ರರಿಯಲ್ಲಿ ತಿಂಗಳಿಗೊಂದು ಶನಿವಾರ ಆಟಿಸಂ ಇರುವ ಪುಟ್ಟ ಮಕ್ಕಳಿಗೆಂದೇ ಕಥೆ ಹೇಳುತ್ತಾರೆ. ಅರ್ಧ ದೀಪ ಆರಿಸಿರುತ್ತಾರೆ. ಚಪ್ಪಾಳೆ ತಟ್ಟುವಂತಿಲ್ಲ. ಮಗು ಎದ್ದು ಓಡಿದರೂ ಯಾರೂ ಮುಖ ಸಿಂಡರಿಸುವುದಿಲ್ಲ. ನನ್ನ ಐದು ವರ್ಷದ ಮಗಳು ಮೊದಲ ಮೂರು ಸಲವೂ ಕಪಾಟಿನ ಸಂದಿಯಲ್ಲೇ ಕೂತಿದ್ದಳು.

ನಾಲ್ಕನೇ ಸಲ, ಕಥೆ ಹೇಳುವಾಕೆ ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು.

"ಇಂಗ್ಲಿಷ್ ಮಾತ್ರ" ಎಂದೆ, ಜಂಬದಿಂದಲೇ.

ಮಗುವಿಗೆ ಮಾತು ಬರಬೇಕಾದರೆ ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದು ಎರಡು ವರ್ಷದ ಹಿಂದೆ ಯಾರೋ ತಜ್ಞರು ಹೇಳಿದ್ದರು. ನಾನು ಅದನ್ನೇ ವೇದವಾಕ್ಯ ಮಾಡಿಕೊಂಡೆ. ತ್ರಿಪ್ಲಿಕೇನಿನಲ್ಲಿ ಅಪ್ಪನ ಮೆಸ್ಸಿನ ಒಲೆಯ ಮುಂದೆ ಆಯಸ್ಸು ಸವೆಸಿದ ಅಮ್ಮನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ನಾನು ಶೋಳಿಂಗನಲ್ಲೂರಿನ ಆಫೀಸಿಗೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಒಂದು ಸಂಜೆ ಬಾಗಿಲು ತೆರೆದರೆ, ಮಗುವಿನ ಅಂಗೈ ಮೇಲೆ ಎರಡು ಬೆರಳು ನಡೆಸುತ್ತಾ ತಾನೇ ಕಟ್ಟಿದ ಬೆಕ್ಕಿನ ಕಥೆ ಹೇಳುತ್ತಿದ್ದಳು.

"ಅಮ್ಮಾ, ಕನ್ನಡ ಬೇಡ ಅಂತ ಎಷ್ಟು ಸಲ ಹೇಳೂದು?"

"ಬೆಕ್ಕಿನ ಕಥೆ ಮಾರಾಯ್ತಿ. ಮಗುವಿಗೆ ಖುಷಿ ಆಗ್ತದೆ."

"ಖುಷಿ ಸಾಕು. ಮಾತು ಬೇಕು."

ಅಂದಿನಿಂದ ಮಗುವಿನ ಅಂಗೈ ಮೇಲೆ ಅಮ್ಮನ ಬೆರಳು ಮಾತ್ರ ನಡೆಯುತ್ತಿತ್ತು, ಬಾಯಿ ಮುಚ್ಚಿರುತ್ತಿತ್ತು.

ಇದನ್ನೆಲ್ಲ ಕಥೆ ಹೇಳುವಾಕೆಗೆ ಹೇಳಿದೆ. ಆಕೆ ಬೆರಗಾಗಿ ತಮಿಳಿನಲ್ಲೇ, "ಅಯ್ಯೋ, ಅಪ್ಪಡಿ ಎಲ್ಲಾಂ ಇಲ್ಲೀಂಗ" ಎಂದರು. ಹಾಗೇನೂ ಇಲ್ಲ, ಮನೆಮಾತು ಬಿಡಬೇಕಾಗಿಯೇ ಇರಲಿಲ್ಲವಂತೆ. ಮುಂದಿನ ಸಲ ಅಜ್ಜಿಯನ್ನೂ ಕರೆತನ್ನಿ ಎಂದರು. ಅಮ್ಮ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಆದರೂ ಆಗಲಿ ಎಂದೆ.

ಕಥೆ ಶುರುವಾಯಿತು. ಪುಟ ಮಗುಚಿದಾಗ ಒಂದು ಬೆಕ್ಕಿನ ಚಿತ್ರ ಬಂತು. ಮಗಳು ಸಂದಿಯಿಂದ ಎದ್ದು ಬಂದು ನನ್ನ ಅಂಗೈ ಬಿಡಿಸಿ, ಅದರ ಮೇಲೆ ಎರಡು ಬೆರಳು ಇಟ್ಟಳು.

"ಬೆಕ್ಕು ಬಂತಾ? ಬಂತು. ಎಲ್ಲಿಗೆ ಬಂತು?"

ಅದೇ ರಾಗ, ಅಮ್ಮನದೇ. ಮಗಳು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೆರಳು ನಿಲ್ಲಿಸಿ ನನ್ನ ತುಟಿಯನ್ನೇ ನೋಡುತ್ತಾ ಕಾದಳು.

"ಅಡುಗೆಮನೆಗೆ?" ಎಂದೆ. ತಲೆ ಅಲ್ಲಾಡಿಸಿದಳು.

"ಅಟ್ಟಕ್ಕೆ?" ಅದೂ ಅಲ್ಲ.

ಆ ಕಥೆಯನ್ನು ನಾನು ಒಂದು ದಿನವೂ ಪೂರ್ತಿ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳು ಇನ್ನೊಮ್ಮೆ ಕೇಳಿದಳು, "ಎಲ್ಲಿಗೆ ಬಂತು?" ನಾನು ಅಳುತ್ತಿದ್ದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಕಪಾಟಿನ ಸಂದಿಗೆ ವಾಪಸು ಹೋದಳು.