ನೀರಂಟಿನ ಪೋಸ್ಟರುಗಳು

ಅವರ ಬಲಗೈಯ ಐದೂ ಉಗುರುಗಳ ಸಂದಿಯಲ್ಲಿ ತಿಳಿನೀಲಿ ಕೂತಿರುತ್ತಿತ್ತು. ಹುಳ ಹಿಡಿಯದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಹಾಕಿ ಕುದಿಸಿ, ಆರಿದ ಮೇಲೆ ಅಂಗೈಯಿಂದಲೇ ಗೋಡೆಗೆ ಬಳಿಯುತ್ತಿದ್ದರು. ಹೊಳೆನರಸೀಪುರದಲ್ಲಿ ಸಿನಿಮಾ ಮತ್ತು ಕಂಪನಿ ನಾಟಕದ ಪೋಸ್ಟರ್ ಅಂಟಿಸುವುದು ಅವರ ಕೆಲಸ. ನಾನು ಅಲ್ಲಿ ಗ್ರಂಥಪಾಲಕಿ. ಗ್ರಂಥಾಲಯದ ಗೋಡೆಗೆ ಏನನ್ನೂ ಅಂಟಿಸಬಾರದೆಂದು ಫಲಕ ಬರೆಸಿದ್ದೆ. ಅದರ ಪಕ್ಕದಲ್ಲೇ ಅಂಟಿಸುತ್ತಿದ್ದರು.

“ಓದಕ್ಕೆ ಬರಲ್ವೇನ್ರೀ?” ಎಂದು ಒಮ್ಮೆ ರೇಗಿದೆ.

“ಬತ್ತದೆ ಕಣಮ್ಮಾರೆ. ನಿಮ್ಮ ಬೋರ್ಡು ಓದಕ್ಕೆ ಯಾರೂ ನಿಲ್ಲಲ್ಲ, ಅದ್ಕೆ ಇದುನ್ನ ಹಾಕ್ದೆ.”

ಪೇಟೆಯ ಬೇರೆ ಗೋಡೆಗಳಲ್ಲಿ ಒಂದರ ಮೇಲೊಂದು ಪೋಸ್ಟರ್ ಬಿದ್ದು ರಟ್ಟಿನಷ್ಟು ದಪ್ಪವಾಗಿರುತ್ತಿತ್ತು. ನಮ್ಮ ಗೋಡೆಯಲ್ಲಿ ಯಾವಾಗಲೂ ಒಂದೇ. ಇದು ನನ್ನ ಕಣ್ಣಿಗೆ ಬೀಳಲು ಒಂದು ವರ್ಷ ಬೇಕಾಯಿತು. ಟಾಕೀಸಿನವರು ಎಣಿಸಿ ಕೊಟ್ಟ ಪೋಸ್ಟರುಗಳಲ್ಲಿ ಒಂದನ್ನೂ ಅವರು ಅಂಟಿಸದೆ ಮನೆಗೆ ಒಯ್ಯುವವರಲ್ಲ. ಸೂರಿನ ನೆರಳಿದ್ದ ನಮ್ಮ ಗೋಡೆಗೆ ಮಾತ್ರ ನೀರು ನೀರಾದ ಅಂಟು ಬಳಿಯುತ್ತಿದ್ದರು. ಆಟ ಬದಲಾದ ದಿನ ಒದ್ದೆ ಬಟ್ಟೆ ಒತ್ತಿ, ಹರಿಯದಂತೆ ಬಿಡಿಸಿಕೊಳ್ಳುತ್ತಿದ್ದರು.

“ಗ್ವಾಡೆ ಕೆಲ್ಸ ಮುಗೀತು. ಇನ್ ಇದು ನಂದು.”

ಮನೆಯಲ್ಲಿ ಅವನ್ನು ಎರಡು ಹಲಗೆಗಳ ನಡುವೆ, ಹಳೆಯ ಪಂಚೆಯ ತುಂಡುಗಳನ್ನು ಹಾಕಿ ಇಟ್ಟಿದ್ದರು. “ನಂಗೊಂದ್ ಮಂಚ ತರ್ನಿಲ್ಲ, ಕಾಗ್ದಕ್ಕೆ ಹಲ್ಗೆ ತಂದವ್ರೆ,” ಎಂದು ಅವರ ಹೆಂಡತಿ ನನ್ನೆದುರೇ ಮೂದಲಿಸುತ್ತಿದ್ದರು.

ಫ್ಲೆಕ್ಸ್ ಬಂತು, ಅವರ ಕೆಲಸ ಹೋಯಿತು. ನಾನು ನಿವೃತ್ತಳಾಗಿ ಹಾಸನದ ಮನೆ ಸೇರಿದ್ದೆ. ಅವರ ಮನೆಯ ಸೂರು ಸೋರತೊಡಗಿದಾಗ ಹಲಗೆಗಳ ಸಮೇತ ಬಸ್ಸಿನಲ್ಲಿ ಬಂದರು.

“ನಿಮ್ ಕೈಲಿ ಒಂದ್ ಪುಸ್ತಕಾನೂ ಕಳ್ದೋಗಿಲ್ಲ. ಇವುನ್ನೂ ಮಡೀಕಳಿ. ಪ್ಲಾಸ್ಟಿಕ್ ಮಾತ್ರ ಬ್ಯಾಡಿ, ಕಾಗ್ದಾನೂ ಉಸ್ರಾಡ್ಬೇಕು. ತಿಂಗ್ಳಿಗೊಂದ್ಸಲ ನೆಳ್ಳಲ್ಲಿ ಹರಡಿ.”

ತಲೆಯಾಡಿಸಿದೆ. ಅವರು ಹೋದ ಮೇಲೆ ನನಗೆ ಗೊತ್ತಿದ್ದಂತೆಯೇ ಮಾಡಿದೆ. ಐದೈದರ ಕಟ್ಟು, ಕಟ್ಟಿಗೊಂದು ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ನಂಬರು, ನುಸಿಗುಳಿಗೆ, ಕಬ್ಬಿಣದ ಬೀರು, ಬೀಗ. ಎರಡು ಮಳೆಗಾಲ ತೆರೆಯಲಿಲ್ಲ. ಬೀಗ ಬಿದ್ದರೆ ಕೆಲಸ ಮುಗಿಯಿತೆಂದು ಜೀವಮಾನವಿಡೀ ನಂಬಿದವಳು ನಾನು.

ಮೂರನೆಯ ಮಳೆಗಾಲದಲ್ಲಿ ತೆರೆದರೆ ಚೀಲಗಳೊಳಗೆ ಬೆವರು. ಹಾಳೆಗಳು ಬೂಷ್ಟು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹೇಳಿ ಕಳಿಸಿದೆ. ಏದುಸಿರು ಬಿಡುತ್ತಾ ಬಂದರು, ನೋಡಿದರು, ಗೋಡೆಗೊರಗಿ ಕೂತರು.

“ಬೀದಿ ಗ್ವಾಡೆ ಮ್ಯಾಲೆ ಬದುಕ್ಕಂಡಿದ್ವಲ್ಲಮ್ಮಾ. ನಿಮ್ ಬೀರುನಾಗೆ ಸಾಯಂಗಾದ್ವಾ?”

ಅಷ್ಟೇ. ಆಮೇಲೆ ಬಕೆಟ್ಟು ಕೇಳಿದರು. ಹಾಳೆಗಳ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಅಂಚಿನಲ್ಲಿ ಬಿದಿರಿನ ತೆಳು ಸೀಳು ತೂರಿಸಿ ಕಾಯುವುದನ್ನು ಎರಡು ದಿನ ಕೂತು ಕಲಿಸಿದರು. ನನ್ನ ಕೈ ಅವಸರ ಮಾಡಿದಾಗಲೆಲ್ಲ, “ಎಳೀಬ್ಯಾಡಿ. ಅದೇ ಬುಡ್ತದೆ” ಎನ್ನುತ್ತಿದ್ದರು. ಮೂರನೆಯ ದಿನ ಕೆಮ್ಮು ಹೆಚ್ಚಾಗಿ ಊರಿಗೆ ಹೋದರು. ಮತ್ತೆ ಬರಲಿಲ್ಲ.

ಉಳಿದದ್ದು ನನ್ನ ಪಾಲಿಗೆ ಬಂತು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ದಿನಕ್ಕೆ ಎರಡು ಹಾಳೆ ಬಿಟ್ಟುಕೊಂಡರೆ ಹೆಚ್ಚು. ಇವನ್ನು ನನ್ನ ನಂತರ ಯಾರು ನೋಡಿಕೊಳ್ಳುತ್ತಾರೆಂಬುದು ಗೊತ್ತಿಲ್ಲ. ದಣಿದಿದ್ದೇನೆ. ಆದರೂ ಬೆಳಿಗ್ಗೆ ಆರಕ್ಕೆ ಬಟ್ಟೆ ನೆನೆಸುತ್ತೇನೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಒಂದು ಕಟ್ಟು ಪೂರ್ತಿ ನೆನೆದು ಅರ್ಧ ಬಿಟ್ಟುಕೊಂಡಿತ್ತು. ಹಾಗೇ ಬಿಟ್ಟು ಹೋದರೆ ಐದೂ ಹಾಳೆ ಹೋಗುತ್ತಿದ್ದವು. ಮುಗಿಸಿ, ಹರಡಿ, ಬಸ್ಸು ಹತ್ತಿದೆ. ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅವರ ಹೆಂಡತಿ ಹೊಸ್ತಿಲ ಬಳಿ ಕೂತಿದ್ದರು. ತಡವಾದದ್ದು ಯಾಕೆಂದು ಹೇಳಿದೆ. ಬೈಯಲಿ ಎಂದು ನಿಂತೆ.

“ಬುಟ್ಕಂಡ್ವಾ?” ಎಂದರು.

“ಮೂರು ಬಿಟ್ಟವು. ಎರಡು ಹರಿದವು.”

ಸೆರಗಿನಿಂದ ಮುಖ ಒರೆಸಿಕೊಂಡರು. ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದರು.

“ಹರ್ದವ್ನೂ ಮಡಗಿ ಕಣಮ್ಮಾ,” ಎಂದರು.